ಎರಡು ಇಂಜಿನ್ನಿನ ಬೋಟ್ ನಿಧಾನ ಆದರೆ: ಹೊಗೆ ಬಿಡುವ ಇಂಜಿನ್ನನ್ನೇ ಮೊದಲು ಬಿಚ್ಚಬೇಡಿ

ಫೆಬ್ರವರಿ ತಿಂಗಳು ನನಗೆ ಊಟಕ್ಕೂ ಬಿಡುವಿರುವುದಿಲ್ಲ. ಹೂಮಳೆ ಬಾರದಿದ್ದರೆ ಕಾಫಿ ತೋಟಕ್ಕೆ ಕೆರೆ ನೀರೇ ಗತಿ. ಹಾಗಾಗಿ ಕುಶಾಲನಗರದ ನನ್ನ ವರ್ಕ್‌ಶಾಪಿನ ಮುಂದೆ ಸ್ಪ್ರಿಂಕ್ಲರ್ ಪಂಪ್‌ಸೆಟ್‌ಗಳು ಸಾಲಾಗಿ ಕೂತಿರುತ್ತವೆ. ಅಂಥ ಒಂದು ದಿನ ಮಂಗಳೂರಿನಿಂದ ಭಾವನ ಫೋನ್ ಬಂತು.

"ಬೋಟ್ ಓಡ್ತಾ ಇಲ್ಲ ಭಾವ. ಇಪ್ಪತ್ತು ನಾಟ್ ಹೋಗ್ತಿದ್ದದ್ದು ಈಗ ಹದಿನೈದಕ್ಕೇ ನಿಲ್ತದೆ. ಬಲಗಡೆ ಇಂಜಿನ್ ಕಪ್ಪು ಹೊಗೆ ಬಿಡ್ತದೆ. ಒಬ್ಬರು ಬಂದು ಅದರ ಆರೂ ಇಂಜೆಕ್ಟರ್ ಬದಲಾಯಿಸಿ ಹೋದ್ರು. ಚೂರೂ ವ್ಯತ್ಯಾಸ ಇಲ್ಲ!"

ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್. ಇಂಜೆಕ್ಟರ್ ಅಂದರೆ ಇಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಮೂತಿ. ಅವರದು 34 ಅಡಿಯ ಫೈಬರ್ ಕ್ಯಾಬಿನ್ ಕ್ರೂಸರ್, ಸೆಕೆಂಡ್ ಹ್ಯಾಂಡ್. ಒಳಗೆ ಮಲಗಲು ಜಾಗ, ಪುಟ್ಟ ಅಡುಗೆಮನೆ. ನೆಲದ ಹಲಗೆಯ ಕೆಳಗೆ ಎರಡು ಡೀಸೆಲ್ ಇಂಜಿನ್, ಎರಡು ಗೇರ್ ಬಾಕ್ಸ್, ಎರಡು ಶಾಫ್ಟ್, ಹಿಂದೆ ಎರಡು ಪ್ರೊಪೆಲ್ಲರ್. ಕರಾವಳಿಯ ಬೋಟಿನವರು ಪ್ರೊಪೆಲ್ಲರನ್ನು ಫ್ಯಾನ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಬೆಟ್ಟದ ಮೇಲೆ ಕೂತು ಬೋಟಿನ ಪಾಠವಾ ಅಂತ ನಗಬೇಡಿ. ನಾನು ಇಂಜಿನ್ ಕೆಲಸ ಕಲಿತದ್ದು ನೌಕಾಪಡೆಯ ಐಎನ್‌ಎಸ್ ಶಿವಾಜಿಯಲ್ಲಿ. ಅದು ಇರುವುದೂ ಲೋಣಾವಳದ ಬೆಟ್ಟದಲ್ಲೇ, ಸಮುದ್ರದ ಹತ್ತಿರ ಅಲ್ಲ. ಮತ್ತೆ ಕೊಡಗಿನ ಎಷ್ಟೋ ಮನೆಯವರು ಕರಾವಳಿಯಲ್ಲಿ ಕೆಲಸಕ್ಕಿದ್ದಾರೆ. ಒಬ್ಬಿಬ್ಬರಾದರೂ ಬೋಟ್ ಇಟ್ಟುಕೊಂಡಿದ್ದಾರೆ. ಭಾವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಹೆಚ್ಚುಕಮ್ಮಿ ಅದೇ ಕ್ರಮದಲ್ಲಿ.

ಸ್ಪ್ಯಾನರ್ ಕೆಳಗಿಡಿ, ಪೆನ್ನು ಹಿಡಿಯಿರಿ

ಮೊದಲು ಎಷ್ಟು ವೇಗ ಕಡಿಮೆ ಆಗಿದೆ ಅನ್ನೋದು ಗಟ್ಟಿಯಾಗಲಿ. ನದಿಯಲ್ಲಿ ಹರಿವಿನ ಜೊತೆ ಹೋದರೆ ಒಂದು ವೇಗ, ಎದುರು ಹೋದರೆ ಇನ್ನೊಂದು. ಅಳಿವೆಯ ಹತ್ತಿರವಂತೂ ಉಬ್ಬರ ಇಳಿತ ಎರಡು ನಾಟ್ ಆಚೀಚೆ ಮಾಡಿಬಿಡುತ್ತದೆ. ಆದ್ದರಿಂದ ಒಂದೇ ದಾರಿಯಲ್ಲಿ ಹೋಗಿ, ತಕ್ಷಣ ತಿರುಗಿ ಬನ್ನಿ. ಎರಡು ಸಲದ ಜಿಪಿಎಸ್ ವೇಗ ಕೂಡಿಸಿ ಎರಡರಿಂದ ಭಾಗಿಸಿ. ನೀರು ಆಳ ಇರುವ ಕಡೆಯೇ ಓಡಿಸಿ. ತೆಳು ನೀರಿನಲ್ಲಿ ಬೋಟಿನ ಹಿಂಭಾಗ ಕುಸಿದು ಸುಮ್ನೆ ವೇಗ ಬೀಳುತ್ತದೆ.

ಭಾರವನ್ನೂ ಬರೆದುಕೊಳ್ಳಿ. 300 ಲೀಟರ್ ಡೀಸೆಲ್ ಅಂದರೆ ಸುಮಾರು 250 ಕಿಲೋ. ಹೊಸ ಜನರೇಟರ್ ಕೂರಿಸಿದ್ದೀರಾ? ಬ್ಯಾಟರಿ ಹೆಚ್ಚಿಸಿದ್ದೀರಾ? ತಳದಲ್ಲಿ ನೀರು ನಿಂತಿದೆಯಾ? ಇಂಥ ಬೋಟ್ ವೇಗ ಬಂದ ಮೇಲೆ ನೀರನ್ನು ಸೀಳಿಕೊಂಡು ಹೋಗುವುದಿಲ್ಲ. ಮೂತಿ ಎತ್ತಿ, ನೀರಿನ ಮೇಲೆ ಏರಿ ಜಾರುತ್ತದೆ. ಹಾಗೆ ಏರುವುದಕ್ಕೆ ಬೇಕಾದ ಶಕ್ತಿ ಸ್ವಲ್ಪ ಕಡಿಮೆ ಬಿದ್ದರೂ ಅದು ಏರದೆ ತೇಕುತ್ತಲೇ ಇರುತ್ತದೆ. ಅದಕ್ಕೇ ಸಣ್ಣ ದೋಷಕ್ಕೂ ವೇಗ ದೊಡ್ಡದಾಗಿ ಬೀಳುವುದು.

ಇನ್ನು ಮುಖ್ಯವಾದದ್ದು. ಎರಡೂ ಥ್ರಾಟಲ್ (ವೇಗ ಏರಿಸುವ ಲಿವರ್) ಪೂರ್ತಿ ಮುಂದೆ ತಳ್ಳಿ, ಎಡದ ಮತ್ತು ಬಲದ ಆರ್‌ಪಿಎಂ, ಅಂದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಎಷ್ಟು ನಿಲ್ಲುತ್ತದೆ ನೋಡಿ. ಇಂಜಿನ್ನಿನ ಪುಸ್ತಕದಲ್ಲಿ ಎಷ್ಟಿರಬೇಕು ಅಂತ ಇರುತ್ತದೆ. ಆರ್‌ಪಿಎಂ ಪೂರ್ತಿ ಏರುತ್ತದೆ, ಆದರೂ ಬೋಟ್ ಓಡುವುದಿಲ್ಲ ಅಂದರೆ ಇಂಜಿನ್ ತನ್ನ ಕೆಲಸ ಮಾಡುತ್ತಿದೆ. ಶಕ್ತಿ ದಾರಿಯಲ್ಲಿ ಸೋರುತ್ತಿದೆ: ಗೇರ್ ಜಾರುತ್ತಿರಬೇಕು, ಇಲ್ಲ ಫ್ಯಾನ್ ಹಾಳಾಗಿರಬೇಕು. ಆರ್‌ಪಿಎಂ ಏರುವುದೇ ಇಲ್ಲ ಅಂದರೆ, ಒಂದೋ ಇಂಜಿನ್ನಿಗೆ ಗಾಳಿ, ಡೀಸೆಲ್ ಸಾಲದು. ಇಲ್ಲವೇ ಯಾವುದೋ ಅದನ್ನು ಹಿಡಿದು ಎಳೆಯುತ್ತಿದೆ. ಎರಡೂ ಇಂಜಿನ್ ಒಂದೇ ಸಮ ಕುಗ್ಗಿದ್ದರೆ ಎರಡಕ್ಕೂ ಸೇರಿದ ಕಾರಣ ಹುಡುಕಿ: ಬೋಟಿನ ತಳ, ಭಾರ, ಒಂದೇ ಬಂಕಿನ ಡೀಸೆಲ್. ಒಂದು ಮಾತ್ರ ಕುಗ್ಗಿದ್ದರೆ ಆ ಕಡೆಯದೇ ತೊಂದರೆ.

ಭಾವ ಕಳಿಸಿದ ಲೆಕ್ಕ ಹೀಗಿತ್ತು. ಮೊದಲು ಎರಡೂ 2500 ಬರುತ್ತಿತ್ತು. ಈಗ ಬಲ 2350. ಎಡ ಶುರುವಿನಲ್ಲಿ 2300, ಸ್ವಲ್ಪ ಹೊತ್ತಾದ ಮೇಲೆ 2050.

ಜೋಡೆತ್ತಿನ ಕಥೆ

ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು.

ಗದ್ದೆಯಲ್ಲಿ ಜೋಡೆತ್ತು ಉಳುವಾಗ ಒಂದು ಎತ್ತು ಮೈಗಳ್ಳತನ ಮಾಡಿತು ಅಂತಿಟ್ಟುಕೊಳ್ಳಿ. ಬಾಯಲ್ಲಿ ನೊರೆ ಬರುವುದು ಯಾವುದಕ್ಕೆ? ದುಡಿಯುವ ಎತ್ತಿಗೆ. ಬೋಟಿನಲ್ಲೂ ಹಾಗೇ. ಎಡ ಇಂಜಿನ್ ಸೋತರೆ ಬೋಟಿನ ವೇಗ ಇಳಿಯುತ್ತದೆ. ವೇಗ ಇಳಿದಾಗ ಬಲದ ಫ್ಯಾನಿಗೆ ನೀರು ಇನ್ನೂ ಭಾರವಾಗುತ್ತದೆ. ಇಂಜಿನ್ನಿನ ಸುತ್ತು ಇಳಿಯದಂತೆ ಕಾಯುವ ಗವರ್ನರ್ ಅದಕ್ಕೆ ಡೀಸೆಲ್ ಜಾಸ್ತಿ ಸುರಿಯುತ್ತದೆ. ಅಷ್ಟು ಡೀಸೆಲ್ ಸುಡಲು ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ. ನೋಡುವವರಿಗೆ ಬಲಗಡೆಯದೇ ರೋಗಿ ಅನಿಸುತ್ತದೆ. ರೋಗ ಇರುವುದು ಎಡಗಡೆ, ಅದು ಸದ್ದಿಲ್ಲದೆ ಕೂತಿರುತ್ತದೆ.

ಬೇರ್ಪಡಿಸುವುದು ಸುಲಭ. ಒಂದು ಇಂಜಿನ್ನನ್ನು ನ್ಯೂಟ್ರಲ್‌ಗೆ ಹಾಕಿ, ಇನ್ನೊಂದರಲ್ಲೇ ಬೋಟ್ ಓಡಿಸಿ. ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ ಬಂತು ಬರೆದುಕೊಳ್ಳಿ. ಆಮೇಲೆ ಅದಲು ಬದಲು ಮಾಡಿ. ಒಂದೇ ಬೋಟ್, ಒಂದೇ ಭಾರ, ಒಂದೇ ನೀರು. ಹಾಗಾಗಿ ಎರಡೂ ಸಂಖ್ಯೆ ಹತ್ತಿರ ಹತ್ತಿರ ಇರಬೇಕು. (ಇಂಜಿನ್ ನಿಲ್ಲಿಸಿ ಶಾಫ್ಟ್ ಸುಮ್ನೆ ತಿರುಗಲು ಬಿಡುವ ಮೊದಲು ಗೇರ್ ಬಾಕ್ಸ್ ಪುಸ್ತಕ ನೋಡಿ. ಕೆಲವು ಗೇರ್ ಬಾಕ್ಸ್‌ಗಳಿಗೆ ಇಂಜಿನ್ ಓಡದಿದ್ದರೆ ಆಯಿಲ್ ಹೋಗುವುದಿಲ್ಲ.) ಮತ್ತೆ ಎರಡು ನಿಮಿಷಕ್ಕೆ ನಿಲ್ಲಿಸಬೇಡಿ, ಅರ್ಧ ಗಂಟೆ ಓಡಿಸಿ. ಭಾವನ ಬೋಟಿನಲ್ಲಿ ಬಲ ಇಂಜಿನ್ ಒಂದೇ ಎಳೆದಾಗ 1900, ಕೊನೆಯವರೆಗೂ ಅಲ್ಲಾಡಲಿಲ್ಲ. ಎಡದ್ದು 1880ರಿಂದ ಶುರುವಾಗಿ ಇಪ್ಪತ್ತು ನಿಮಿಷದಲ್ಲಿ 1600ಕ್ಕೆ ಇಳಿಯಿತು. ಹೊಸ ಇಂಜೆಕ್ಟರ್ ಬಿದ್ದದ್ದು ಯಾವ ಕಡೆಗೆ ಅಂತ ನೆನಪಿದೆ ಅಲ್ವಾ?

ಎರಡು ಇಂಜಿನ್ ಇರುವುದರ ದೊಡ್ಡ ಲಾಭ ಇದೇ. ಒಂದಕ್ಕೊಂದು ಸಾಕ್ಷಿ. ಅನುಮಾನ ಬಂದ ಸಾಮಾನನ್ನು ಎಡದಿಂದ ಬಲಕ್ಕೆ ಹಾಕಿ ನೋಡಿ. ತೊಂದರೆ ಅದರ ಜೊತೆಗೇ ಬಲಕ್ಕೆ ಬಂದರೆ ಕಳ್ಳ ಸಿಕ್ಕ. ಆದರೆ ಒಂದು ಸಲಕ್ಕೆ ಒಂದೇ ಸಾಮಾನು. ಫಿಲ್ಟರ್, ಪಂಪ್, ಪೈಪ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಬೋಟ್ ಸರಿಯಾದರೂ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ.

ಮೀಟರ್ ಸುಳ್ಳು ಹೇಳಬಹುದು

ಇಷ್ಟೆಲ್ಲ ಲೆಕ್ಕ ನಿಂತಿರುವುದು ಆರ್‌ಪಿಎಂ ಮೀಟರಿನ ಮೇಲೆ. ಆಲ್ಟರ್ನೇಟರಿನಿಂದ ಓದುವ ಮೀಟರ್ ಆದರೆ ಬೆಲ್ಟ್ ಜಾರಿದರೂ ಕಡಿಮೆ ತೋರಿಸುತ್ತದೆ. ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಟೇಪಿನ ಚೂರು ಅಂಟಿಸಿ, ಕೈಯಲ್ಲಿ ಹಿಡಿಯುವ ಲೈಟ್ ಟ್ಯಾಕೋಮೀಟರಿನಿಂದ ಒಮ್ಮೆ ತಾಳೆ ನೋಡಿ. ದೊಡ್ಡ ಖರ್ಚಿನ ಸಾಮಾನಲ್ಲ.

ಅದೂ ಇಲ್ಲದಿದ್ದರೆ ಕಿವಿ ಇದೆ. ಎರಡು ಇಂಜಿನ್ ಬೇರೆ ಬೇರೆ ವೇಗದಲ್ಲಿ ತಿರುಗುವಾಗ ಸದ್ದು ಏರಿ ಇಳಿಯುತ್ತದೆ, ವ್ವೋಂ... ವ್ವೋಂ... ಅಂತ. ಒಂದು ಥ್ರಾಟಲನ್ನು ಮೆಲ್ಲಗೆ ಸರಿಸುತ್ತಾ ಹೋಗಿ. ಆ ಏರಿಳಿತ ನಿಧಾನವಾಗುತ್ತಾ, ಕೊನೆಗೆ ಒಂದೇ ಸಮನೆ ಗುಂಯ್ ಅನ್ನುತ್ತದೆ. ಕಾಲಡಿಯ ಹಲಗೆಯ ನಡುಕವೂ ತಣ್ಣಗಾಗುತ್ತದೆ. ಆ ಕ್ಷಣಕ್ಕೆ ಎರಡೂ ಸರಿಸಮ. ಆಗ ಒಂದು ಮೀಟರ್ 2000, ಇನ್ನೊಂದು 1850 ತೋರಿಸುತ್ತಿದ್ದರೆ ಮೀಟರೇ ಹಾಳು.

ಥ್ರಾಟಲ್ ಕೇಬಲ್ ನೋಡಲು ಐದು ನಿಮಿಷ ಸಾಕು. ಇಂಜಿನ್ ನಿಲ್ಲಿಸಿ, ಒಬ್ಬರು ಮೇಲೆ ಲಿವರ್ ಪೂರ್ತಿ ತಳ್ಳಲಿ, ಇನ್ನೊಬ್ಬರು ಕೆಳಗೆ ಇಂಜಿನ್ನಿನ ಡೀಸೆಲ್ ಪಂಪಿನ ಲಿವರ್ ತನ್ನ ತಡೆಯ ಬೋಲ್ಟಿಗೆ ಮುಟ್ಟುತ್ತದಾ ನೋಡಲಿ. ಮುಟ್ಟದಿದ್ದರೆ ಕೇಬಲ್ ಸಡಿಲ, ಅಷ್ಟೇ.

ಡೀಸೆಲ್: ಫುಟ್‌ವಾಲ್ವ್ ಗೊತ್ತಿದ್ದವರಿಗೆ ಇದೂ ಗೊತ್ತು

ತೋಟದ ಪಂಪಿನಲ್ಲಿ ಡೆಲಿವರಿ ಪೈಪ್ ಒಡೆದರೆ ನೀರು ಚಿಮ್ಮುತ್ತದೆ, ಕುರುಡನಿಗೂ ಕಾಣುತ್ತದೆ. ನೀರು ಎಳೆಯುವ ಸಕ್ಷನ್ ಪೈಪಿನಲ್ಲಿ (ಅದರ ತುದಿಯಲ್ಲೇ ಫುಟ್‌ವಾಲ್ವ್ ಇರುವುದು) ಕೂದಲೆಳೆಯಷ್ಟು ಬಿರುಕಿದ್ದರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಅದು ಗಾಳಿ ಎಳೆದುಕೊಳ್ಳುತ್ತದೆ. ಪಂಪ್ ತಿರುಗುತ್ತದೆ, ನೀರು ಬರುವುದಿಲ್ಲ. ಡೀಸೆಲ್ ಪೈಪಿನ ಕಥೆಯೂ ಇದೇ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯೆಲ್ಲ ಸಕ್ಷನ್. ಅಲ್ಲಿ ಒದ್ದೆ ಹುಡುಕುತ್ತಾ ಕೂತರೆ ಏನೂ ಸಿಗುವುದಿಲ್ಲ. ಪಂಪಿಗೆ ಮೊದಲು ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪ್ ತಾತ್ಕಾಲಿಕವಾಗಿ ಹಾಕಿ, ದಡದಲ್ಲಿ ಕಟ್ಟಿಟ್ಟೇ ಇಂಜಿನ್ ಓಡಿಸಿ. ಗುಳ್ಳೆ ಹೋಗುತ್ತಿದ್ದರೆ ಫಿಲ್ಟರ್ ಮುಚ್ಚಳದ ಓ-ರಿಂಗ್, ಕ್ಲಿಪ್, ಜಾಯಿಂಟ್ ಒಂದೊಂದಾಗಿ ನೋಡಿ. ಪರೀಕ್ಷೆ ಮುಗಿದ ಮೇಲೆ ಆ ಪೈಪ್ ತೆಗೆಯುವುದನ್ನು ಮರೆಯಬೇಡಿ. ಇಂಜಿನ್ ರೂಮಿನಲ್ಲಿ ಬೆಂಕಿಗೆ ಅದು ತಡೆಯುವುದಿಲ್ಲ.

ನೀರು ಬೇರ್ಪಡಿಸುವ ಫಿಲ್ಟರಿನ ಕೆಳಗಿನ ಬಟ್ಟಲಿನಿಂದ ಸ್ವಲ್ಪ ಡೀಸೆಲ್ ಗಾಜಿನ ಬಾಟಲಿಗೆ ಬಿಡಿ. ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ನೀರು ಕೆಳಗೆ ನಿಲ್ಲುತ್ತದೆ. ನೀರಿಗೂ ಡೀಸೆಲ್‌ಗೂ ನಡುವೆ ಕಪ್ಪು ಲೋಳೆ ಕಂಡರೆ ಅದು ಡೀಸೆಲ್‌ನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕೆಲಸ. ಫಿಲ್ಟರ್ ಮಾತ್ರ ಬದಲಾಯಿಸಿದರೆ ವಾರಕ್ಕೆ ಮತ್ತೆ ಕಟ್ಟಿಕೊಳ್ಳುತ್ತದೆ, ಟ್ಯಾಂಕೇ ತೊಳೆಯಬೇಕು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಂತ್ರದ ಮೀನುಗಾರಿಕೆ ಬೋಟ್‌ಗಳಿಗೆ ರಜೆ. ಸ್ವಂತ ಬೋಟಿನವರೂ ಮಳೆಗಾಲದಲ್ಲಿ ಹಾಗೇ ಕಟ್ಟಿಡುತ್ತಾರೆ. ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆ ಬೆವರಿ ನೀರು ಸೇರುವುದು ಆ ತಿಂಗಳುಗಳಲ್ಲೇ.

ಈಗ ಭಾವನ ಎಡ ಇಂಜಿನ್. ಶುರುವಿನಲ್ಲಿ ಸರಿ, ಇಪ್ಪತ್ತು ನಿಮಿಷಕ್ಕೆ ಸುಸ್ತು, ನಿಲ್ಲಿಸಿ ಒಂದು ಗಂಟೆ ಬಿಟ್ಟು ಓಡಿಸಿದರೆ ಮತ್ತೆ ಸರಿ. ಇಂಜೆಕ್ಟರ್ ಕೆಟ್ಟರೆ ಹೀಗೆ ವಿಶ್ರಾಂತಿ ತೆಗೆದುಕೊಂಡು ವಾಸಿಯಾಗುವುದಿಲ್ಲ. ನಾನು ಒಂದೇ ಮಾತು ಕೇಳಿದೆ: "ಎಡದ ಟ್ಯಾಂಕ್ ತುಂಬಿದ್ದಾಗ ಬೇಗ ಸುಸ್ತಾಗ್ತದಾ, ಖಾಲಿ ಇದ್ದಾಗಲಾ?"

"ತುಂಬಿದ್ದಾಗಲೇ ಬೇಗ," ಅಂದರು.

ಹಾಗಾದರೆ ಗಾಳಿ ಕೊಳವೆಯನ್ನೇ ಅನುಮಾನಿಸಬೇಕು. ಟ್ಯಾಂಕಿನಿಂದ ಡೀಸೆಲ್ ಖರ್ಚಾದಷ್ಟು ಗಾಳಿ ಒಳಗೆ ಬರಬೇಕು. ಆ ಕೊಳವೆ ಕಟ್ಟಿಕೊಂಡರೆ ಟ್ಯಾಂಕಿನೊಳಗೆ ಸೆಳೆತ ಹುಟ್ಟಿ, ಪಂಪಿಗೆ ಡೀಸೆಲ್ ಎಳೆಯಲು ಆಗುವುದಿಲ್ಲ. ಟ್ಯಾಂಕ್ ತುಂಬಿದ್ದರೆ ಒಳಗೆ ಗಾಳಿಗೆ ಇರುವ ಜಾಗವೇ ಕಡಿಮೆ, ಸೆಳೆತ ಬೇಗ ಏರುತ್ತದೆ. ಪರೀಕ್ಷೆ ಬಹಳ ಸರಳ. ಸುಸ್ತಾದ ಕೂಡಲೇ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಭಾವ ಫೋನ್ ಹಿಡಿದುಕೊಂಡೇ ಸಡಿಲಿಸಿದರು. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಇಲ್ಲಿ ಕುಶಾಲನಗರಕ್ಕೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಎಡ ಇಂಜಿನ್ ಮತ್ತೆ 2300ಕ್ಕೆ ಬಂತು.

ಭಾನುವಾರ ನಾನೇ ಸಂಪಾಜೆ ಘಾಟಿ ಇಳಿದು ಹೋದೆ. ಬೋಟಿನ ಪಕ್ಕದಲ್ಲಿರುವ ಗಾಳಿ ಕೊಳವೆಯ ಬಾಯಿಗೆ ತಂತಿ ತೂರಿಸಿದರೆ ಒಣಗಿದ ಕೆಂಪು ಮಣ್ಣು ಉದುರಿತು, ಜೊತೆಗೆ ಸತ್ತ ಎರಡು ಜೇಡ. ಮಣ್ಣಿನ ಗೂಡು ಕಟ್ಟುವ ಕಣಜದ ಕೆಲಸ. ಮರಿಗೆ ಊಟಕ್ಕೆ ಅಂತ ಜೇಡ ತುಂಬಿಸಿ ಬಾಯಿ ಮೆತ್ತಿತ್ತು. ನಮ್ಮ ಕಡೆ ಕೀಲಿಯ ತೂತಿನಲ್ಲೂ ಕಟ್ಟುತ್ತವಲ್ಲ, ಅವೇ. ಈಗ ಅಲ್ಲಿಗೆ ಸಣ್ಣ ಹಿತ್ತಾಳೆ ಜಾಲರಿ ಹಾಕಿದ್ದೇವೆ.

ಗಾಳಿ, ಹೊಗೆ, ಬಿಸಿ

ಎರಡೂ ಇಂಜಿನ್ ಕಪ್ಪು ಹೊಗೆ ಬಿಟ್ಟರೆ ಇಂಜಿನ್ ರೂಮಿಗೇ ಗಾಳಿ ಸಾಲುತ್ತಿಲ್ಲವೋ ಏನೋ. ಒಬ್ಬರು ಇಂಜಿನ್ ರೂಮಿನ ಮುಚ್ಚಳ ತೆರೆದು ಹಿಡಿಯಲಿ, ಒಳಗೆ ಇಳಿಯುವುದು ಬೇಡ. ತೆರೆದಾಗ ಆರ್‌ಪಿಎಂ ಏರಿದರೆ ಗಾಳಿ ಕಿಂಡಿಗೆ ಏನೋ ಅಡ್ಡ ಬಂದಿದೆ. ಒಂದರಲ್ಲಿ ಮಾತ್ರ ಹೊಗೆ ಇದ್ದು, ಒಂಟಿ ಓಟದಲ್ಲೂ ಅದೇ ಇಂಜಿನ್ ಸೋತರೆ ಏರ್ ಫಿಲ್ಟರ್ ಮತ್ತು ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋದಿಂದ ಹೋಗುವ ರಬ್ಬರ್ ಪೈಪುಗಳನ್ನು ನೋಡಿ. ಪೈಪ್ ಸೀಳಿದ್ದರೆ ಹತ್ತಿರದಲ್ಲಿ ಮಸಿಯಂಥ ಎಣ್ಣೆ ಸಿಡಿದಿರುತ್ತದೆ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ನೀರು ಒಳಗೆ ಹೋಗುತ್ತಿದೆ.

ಸಮುದ್ರದ ನೀರು ಸೇರುವ ಎಕ್ಸಾಸ್ಟ್ ಮೊಣಕೈಯಲ್ಲಿ ಉಪ್ಪು, ಮಸಿ, ತುಕ್ಕು ಸೇರಿ ದಾರಿ ಕಿರಿದಾಗುತ್ತದೆ. ಹಳೇ ಬೋಟ್ ಆದರೆ ಬಿಚ್ಚಿ ನೋಡುವುದೇ ಒಳ್ಳೆಯದು. ಇನ್ನು ಕಂಪ್ಯೂಟರ್ ಇರುವ ಹೊಸ ಇಂಜಿನ್‌ಗಳು ಬಿಸಿ ಜಾಸ್ತಿಯಾದರೆ ತಾವೇ ಶಕ್ತಿ ಇಳಿಸಿಕೊಳ್ಳುತ್ತವೆ. ಅಲ್ಲಿ ಮೊದಲು ಎಚ್ಚರಿಕೆಯ ಕೋಡ್ ಓದಿ, ಆಮೇಲೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ನೋಡಿ.

ಗೇರ್, ಫ್ಯಾನ್, ಒಂದು ಸಣ್ಣ ಲೆಕ್ಕ

ಗೇರ್ ಜಾರುತ್ತಿದೆಯಾ ಅನ್ನೋದಕ್ಕೆ ಊಹೆ ಬೇಡ. ಅದೇ ಹೊಳೆಯುವ ಟೇಪನ್ನು ಶಾಫ್ಟಿಗೂ ಅಂಟಿಸಿ. ಗೇರ್ 2:1 ಇದ್ದು ಇಂಜಿನ್ 2400 ತಿರುಗಿದರೆ ಶಾಫ್ಟ್ 1200 ತಿರುಗಲೇಬೇಕು. 1080 ಬಂದರೆ ಕ್ಲಚ್ 10 ಪರ್ಸೆಂಟ್ ಜಾರುತ್ತಿದೆ. ಗೇರ್ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಇನ್ನೂ ಖಾತ್ರಿ. ಲುಂಗಿ, ಸಡಿಲ ತೋಳಿನ ಶರ್ಟು, ಕುತ್ತಿಗೆಯ ಟವೆಲ್, ಇವೆಲ್ಲ ಬಿಟ್ಟು ಕೆಳಗಿಳಿಯಿರಿ. ತಿರುಗುವ ಶಾಫ್ಟ್ ಕರುಣೆ ತೋರಿಸುವುದಿಲ್ಲ.

ಫ್ಯಾನಿನ ಬೊಡ್ಡೆಯ ಮೇಲೆ 22 x 24 ಅಂತ ಕೊರೆದಿದ್ದರೆ ಅಗಲ 22 ಇಂಚು, ಪಿಚ್ 24 ಇಂಚು. ಪಿಚ್ ಅಂದರೆ ಮರಕ್ಕೆ ಸ್ಕ್ರೂ ಇಳಿದ ಹಾಗೆ, ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕೋ ಅಷ್ಟು. 24 ಇಂಚು ಅಂದರೆ 61 ಸೆಂಟಿಮೀಟರ್. ಭಾವನ ಬೋಟಿನ ಫ್ಯಾನೂ ಇದೇ, ಗೇರ್ 2:1. ಇಂಜಿನ್ 2500 ಇದ್ದಾಗ ಶಾಫ್ಟ್ 1250. ಹಾಗಾದರೆ ಗಂಟೆಗೆ ಸುಮಾರು 46 ಕಿಲೋಮೀಟರ್ ಹೋಗಬೇಕು. ನೀರು ಮರದ ಹಾಗೆ ಗಟ್ಟಿ ಅಲ್ಲವಲ್ಲ, ಸ್ವಲ್ಪ ಜಾರುತ್ತದೆ. ಭಾವನ ಬೋಟ್ ಹೊಸದರಲ್ಲಿ 20 ನಾಟ್ ಹೋಗುತ್ತಿತ್ತು, ಅಂದರೆ 37 ಕಿಲೋಮೀಟರ್. ಜಾರಿದ್ದು 19 ಪರ್ಸೆಂಟ್, ಸಹಜ. ಈಗ ಎರಡು ಇಂಜಿನ್ನಿನ ಸರಾಸರಿ 2200. ಹೋಗಬೇಕಾದದ್ದು 40 ಕಿಲೋಮೀಟರ್, ಹೋಗುತ್ತಿರುವುದು 15 ನಾಟ್, ಅಂದರೆ 28. ಜಾರಾಟ 30 ಪರ್ಸೆಂಟ್. ಬರೀ ಡೀಸೆಲ್ ಸಾಲದೆ ಆರ್‌ಪಿಎಂ ಇಳಿದಿದ್ದರೆ ಜಾರಾಟ ಇಷ್ಟು ಏರುವುದಿಲ್ಲ. ಗಾಳಿ ಕೊಳವೆಯ ಜೊತೆಗೆ ನೀರಿನ ಕೆಳಗೂ ಏನೋ ಇದೆ ಅಂತ ಘಾಟಿ ಇಳಿಯುವ ಮೊದಲೇ ನನಗೆ ಅನುಮಾನ ಬಂದದ್ದು ಈ ಲೆಕ್ಕದಿಂದ.

ಫ್ಯಾನ್ ರಿಪೇರಿಗೆ ಕೊಟ್ಟು ತಂದವರು ಎರಡರ ಪಿಚ್ಚನ್ನೂ ಅಳೆಸಿ ನೋಡಿ. ಬಡಿದು ನೇರ ಮಾಡುವಾಗ ಒಂದು ಇಂಚು ಬದಲಾದರೂ ಎರಡು ಇಂಜಿನ್ನಿನ ಮೇಲೆ ಭಾರ ಬೇರೆ ಬೇರೆ ಬೀಳುತ್ತದೆ.

ತಳ

ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳ ಬಾಯಲ್ಲಿ ಉಪ್ಪುನೀರು ಒಳಗೆ ಬರುತ್ತದೆ. ಅಲ್ಲಿ ಕಟ್ಟಿಟ್ಟ ಬೋಟಿನ ತಳಕ್ಕೆ ಬಾರ್ನಕಲ್ ಹಿಡಿಯುತ್ತದೆ. ಸುಣ್ಣದ ಪುಟ್ಟ ಗೋಪುರದಂಥ ಚಿಪ್ಪು, ಕೈ ಸವರಿದರೆ ತೆಂಗಿನಕಾಯಿ ತುರಿಯುವ ಮಣೆಯ ಹಲ್ಲು ಮುಟ್ಟಿದ ಹಾಗೆ. ತಳಕ್ಕಿಂತ ಫ್ಯಾನಿಗೆ ಅಂಟಿದ್ದು ಜಾಸ್ತಿ ಕಾಟ ಕೊಡುತ್ತದೆ. ನಯವಾದ ರೆಕ್ಕೆಯ ಮೇಲೆ ಹತ್ತಿಪ್ಪತ್ತು ಚಿಪ್ಪು ಕೂತರೂ ಅದು ನೀರನ್ನು ತಳ್ಳುವ ಬದಲು ಕಲಕಲು ಶುರುಮಾಡುತ್ತದೆ.

ಮುಳುಗಿ ನೋಡುವವರಿದ್ದರೆ ಎರಡೂ ಇಂಜಿನ್ ನಿಲ್ಲಿಸಿ, ಎರಡೂ ಕೀಲಿ ತೆಗೆದು, ಮುಳುಗುವವರೇ ಇಟ್ಟುಕೊಳ್ಳಲಿ. ಇದರಲ್ಲಿ ಮುಲಾಜು ಬೇಡ. ಫ್ಯಾನಿಗೆ ಹಗ್ಗ, ಬಲೆಯ ತುಂಡು ಸುತ್ತಿದೆಯಾ ಅಂತಲೂ ನೋಡಲಿ. ಕೆರೆಯುವಾಗ ಪ್ಲಾಸ್ಟಿಕ್ ಅಥವಾ ಮರದ ಹಲಗೆ ಸಾಕು, ಕಬ್ಬಿಣದ ಉಳಿಯಿಂದ ಫೈಬರಿನ ಮೇಲ್ಪದರ ಗೀರುತ್ತದೆ. ದಡಕ್ಕೆ ಎಳೆದಾಗ ಚಿಪ್ಪು ಹಿಡಿಯದ ಪೇಂಟ್ ಬಳಿಯಿರಿ. ಸತುವಿನ ತುಂಡುಗಳಿಗೆ ಮಾತ್ರ ಪೇಂಟ್ ಹಚ್ಚಬೇಡಿ. ಅವು ತಾವು ಸವೆದು ಶಾಫ್ಟನ್ನೂ ಫ್ಯಾನನ್ನೂ ಉಳಿಸಲಿಕ್ಕೆ ಇರುವುದು, ಬಣ್ಣ ಮುಚ್ಚಿದರೆ ಕೆಲಸ ಮಾಡುವುದಿಲ್ಲ.

ಕರಾವಳಿಯಿಂದ ಬೋಟನ್ನು ನಮ್ಮ ಕಡೆ ತರುವವರಿಗೂ ಒಂದು ಮಾತು. ಹಾರಂಗಿಯಂಥ ಸಿಹಿನೀರಿನಲ್ಲಿ ಬಾರ್ನಕಲ್ ಕಾಟ ಇಲ್ಲ, ಪಾಚಿ ಮಾತ್ರ. ಆದರೂ ವೇಗ ಕಡಿಮೆ ಬರಬಹುದು. ಕುಶಾಲನಗರ ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಎತ್ತರ. ಗಾಳಿ ತೆಳು. ಟರ್ಬೋ ಇಲ್ಲದ ಇಂಜಿನ್ 100 ಮೀಟರಿಗೆ ಸುಮಾರು 1 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ಇಲ್ಲಿ 8 ಪರ್ಸೆಂಟ್ ಹೋಯಿತು. ಸಿಹಿನೀರು ಉಪ್ಪುನೀರಿಗಿಂತ ಹಗುರ, ಬೋಟ್ ಕೂದಲಷ್ಟು ಕೆಳಗೂ ಕೂರುತ್ತದೆ. ಇಂಜಿನ್ ಬಿಚ್ಚುವ ಬದಲು ಪಿಚ್ ಕಡಿಮೆ ಇರುವ ಫ್ಯಾನ್ ಹಾಕಿದರೆ ಆರ್‌ಪಿಎಂ ಮತ್ತೆ ಮೇಲೇರುತ್ತದೆ.

ಗಾಳಿ ಕೊಳವೆ ಬಿಡಿಸಿದ ದಿನ ಭಾವನ ಬೋಟ್ ಹದಿನೇಳೂವರೆ ನಾಟ್ ಬಂತು. ಎರಡು ವಾರ ಬಿಟ್ಟು ದಡಕ್ಕೆ ಎಳೆಸಿ ತಳ, ಫ್ಯಾನ್ ಎರಡನ್ನೂ ಕೆರೆಸಿದ ಮೇಲೆ ಹತ್ತೊಂಬತ್ತೂವರೆ. ಉಳಿದ ಅರ್ಧ ನಾಟ್ ಎಲ್ಲಿ ಹೋಯಿತು ಅಂತ ಕೇಳಿದರೆ ಹೊಸ ಫ್ರಿಜ್ಜನ್ನೂ ಎರಡು ಹೆಚ್ಚುವರಿ ಬ್ಯಾಟರಿಯನ್ನೂ ತೋರಿಸಿ ನಕ್ಕರು. ಸ್ಟೀರಿಂಗ್ ಪಕ್ಕ ಈಗ ಒಂದು ರಟ್ಟಿನ ಚೂರು ಅಂಟಿಸಿದೆ: 1500, 2000, 2500 ಆರ್‌ಪಿಎಂಗೆ ಎಷ್ಟು ವೇಗ, ಅವತ್ತು ಟ್ಯಾಂಕಿನಲ್ಲಿ ಎಷ್ಟು ಡೀಸೆಲ್, ಎಷ್ಟು ಜನ.

ಬಲ ಇಂಜಿನ್ನಿನಿಂದ ತೆಗೆದ ಹಳೇ ಇಂಜೆಕ್ಟರ್‌ಗಳನ್ನು ನಾನು ಕುಶಾಲನಗರಕ್ಕೆ ತಂದೆ. ಪಂಪ್‌ಸೆಟ್ಟುಗಳ ಗಲಾಟೆ ಮುಗಿದ ಮೇಲೆ ಒಂದು ಸಂಜೆ ಟೆಸ್ಟರಿಗೆ ಹಾಕಿದೆ. ಆರಕ್ಕೆ ಆರೂ ಸರಿಯಾದ ಒತ್ತಡದಲ್ಲಿ ತೆರೆದು ಮಂಜಿನ ಹಾಗೆ ಡೀಸೆಲ್ ಸಿಂಪಡಿಸಿದವು. ಎಣ್ಣೆ ಹಚ್ಚಿ ಡಬ್ಬಿಯಲ್ಲಿಟ್ಟಿದ್ದೇನೆ. ಭಾವನಿಗೆ ಇನ್ನೂ ಹೇಳಿಲ್ಲ.